ಆರತಿಯಾಗಿ ಹೋದ ಪ್ರಯೋಗ

ಗೋಣೆಪ್ಪ ಮಾಸ್ತರನ ಸಂಸಾರ ಒಂದು ಚಿಟಿಕೆ ಔಷಧದ ಮೇಲೆ ನಿಂತಿತ್ತು ಅಂದರೆ ನೀವು ನಂಬಲಿಕ್ಕಿಲ್ಲ. ತಿಳವಳ್ಳಿ ಕಡೆಯ ಒಂದು ಸಣ್ಣ ಊರಿನ ಸಾಲಿಯಲ್ಲಿ ಅವನದು ಹಂಗಾಮಿ ನೌಕರಿ. "ಕಾಯಂ ಆಗೂತನಕ ಮಗಳನ್ನ ಕಳಸೂದಿಲ್ಲ" ಎಂದು ಚಿಕ್ಕೇರೂರಿನ ಮಾವ ಅನ್ನವ್ವನನ್ನು ತವರಿನಲ್ಲೇ ಇಟ್ಟುಕೊಂಡಿದ್ದ. ಇವತ್ತು ಹಾನಗಲ್ಲಿನಿಂದ ಸಾಹೇಬರು ಪಾಠ ನೋಡಲು ಬರುವವರಿದ್ದರು. ಪಾಠ ಮನಸ್ಸಿಗೆ ಬಂದರೆ ನೌಕರಿ ಕಾಯಂ, ಹೆಂಡತಿ ಮನೆಗೆ.

ಕಾದ ನೀರು ಹೆಂಗೆ ಸುತ್ತುತ್ತದೆ ಅಂತ ತೋರಿಸುವ ಪಾಠ. ಬಾವಿಗೆ ಹಾಕುವ ಕೆಂಪು ಔಷಧದ ಹರಳನ್ನು ಗಾಜಿನ ಪಾತ್ರೆಯ ತಳಕ್ಕೆ ಬಿಟ್ಟು ಕೆಳಗೆ ದೀಪ ಹಚ್ಚಿದರೆ ಬಣ್ಣ ಎಳೆಯಾಗಿ ಮೇಲೇಳಬೇಕು. ಹರಳು ಕಾಡಿ ಬೇಡಿ ತಂದದ್ದು, ಮೈಮೇಲಿನ ಬಿಳಿ ಅಂಗಿ ಹೆಡ್ಮಾಸ್ತರ ಚನ್ನವೀರಪ್ಪನವರ ಕಡೆ ಕಡ ಇಸಕೊಂಡದ್ದು.

ಅವನು ಕಡ್ಡಿಪೆಟ್ಟಿಗೆ ತರೋದ್ರೊಳಗೆ ಚನ್ನವೀರಪ್ಪನವರು ಹರಳು ಪಾತ್ರೆಗೆ ಸುರಿದು, ನೀರೆಲ್ಲ ಕೆಂಪಾಗುವಂಗೆ ಫೂಟಪಟ್ಟಿಯಿಂದ ಕಲಕಿಬಿಟ್ಟಿದ್ದರು. "ನಿಮಗ ತ್ರಾಸ ಬ್ಯಾಡಂತ ಚಂದಂಗ ಕಲಸೇನಿ ನೋಡ್ರಿ."

ಕಾಗದದ ಮಡಿಕೆಯಲ್ಲಿ ಎರಡೇ ಹರಳು ಉಳಿದಿದ್ದವು. ಅಷ್ಟರಲ್ಲಿ ಬಸ್ಸು ಬಂತು. ಕನ್ನಡಕದವರೊಬ್ಬರು ಇಳಿದರು. ಸಾಹೇಬರ ಕಂಕುಳಲ್ಲಿ ಹಾಸಿಗೆ ಸುರುಳಿ ಯಾಕೆ ಅಂತ ಯಾರಿಗೂ ಹೊಳೆಯಲಿಲ್ಲ. ಕಸ ಹೊಡೆಯುವ ಅಡಿವೆವ್ವ ಕೆಂಪು ನೀರು ಕಂಡಳು. "ಆರತಿ ನೀರು ಮಾಡ್ಯಾರ, ಒಳಗ ಮರತಾರ. ಗಂಡಸರ ಬುದ್ಧಿ" ಎಂದವಳೇ ಬಂದವರಿಗೆ ನಿವಾಳಿಸಿ ಹೊಸ್ತಿಲಿಗೆ ಚೆಲ್ಲಿದಳು. ಅರ್ಧ ಗೋಣೆಪ್ಪನ ಅಂಗಿಗೆ ಬಿತ್ತು.

"ಇಷ್ಟ್ಯಾಕ ಮರ್ಯಾದಿ ಮಾಡ್ತೀರಿ?" ಅಂದರು ಬಂದವರು. "ನಾ ಉಡಚಪ್ಪ. ವಿಜ್ಞಾನ ಮಾಸ್ತರ ಜಾಗಾಕ್ಕ ಕಾಯಂ ಆಗಿ ಬಂದೇನಿ. ಸಾಹೇಬ್ರು ಇನ್ನ ಬರೂದಿಲ್ಲಂತ."

ಅದು ಗೋಣೆಪ್ಪ ಹಂಗಾಮಿಯಾಗಿ ಕುಂತ ಜಾಗ. ಅನ್ನವ್ವ ಗಂಟು ಕಟ್ಟಿಕೊಂಡು ಕುಂತಿರುತ್ತಾಳೆ ಅನ್ನೋದು ಅವನಿಗೆ ನೆನಪಾಯಿತು. ಚನ್ನವೀರಪ್ಪನವರು ಸೂರಿನ ಹಂಚು ನೋಡುತ್ತ ನಿಂತರು.

ಗಾಜಿನ ಪಾತ್ರೆ, ದೀಪ, ಹರಳು ನೋಡಿ ಉಡಚಪ್ಪ ಸಂಕೋಚದಿಂದ ಕೇಳಿದ: "ಮಾಸ್ತರ್ರ, ಈ ಪ್ರಯೋಗ ನಾ ಚಿತ್ರದಾಗ ಅಷ್ಟ ನೋಡೇನಿ. ಒಮ್ಮೆ ತೋರಸ್ತೀರೇನು?"

ಗೋಣೆಪ್ಪ ಹೊಸ ನೀರು ತುಂಬಿ, ಉಳಿದೆರಡು ಹರಳು ಬಿಟ್ಟು, ದೀಪ ಹಚ್ಚಿದ. ಕೆಂಪು ಎಳೆ ಮೆಲ್ಲಗೆ ಮೇಲೆದ್ದು ಬಾಗಿ ಅಂಚಿನಗುಂಟ ಇಳಿಯಿತು. "ಕಾದದ್ದು ಹಗುರಾಗಿ ಮ್ಯಾಲ ಬರತೈತಿ. ತಣ್ಣಂದು ಭಾರಾಗಿ ಕೆಳಗ ಇಳೀತೈತಿ."

"ಇಳದದ್ದು ಮತ್ತ ಮ್ಯಾಲ ಬರತೈತೇನ್ರಿ?" ಅಡಿವೆವ್ವ ಬಾಗಿಲಿನಿಂದ ಕೇಳಿದಳು.

"ಉರಿ ಇರೂತನಕ ಬರತೈತಿ ಬೇ" ಎಂದು ಗೋಣೆಪ್ಪ ದೀಪ ಆರಿಸಿದ. ಅಂಗಿ ಕಳಚಿ, ಬನಿಯನ್ನಿನಲ್ಲೇ ನಿಂತು, ಚನ್ನವೀರಪ್ಪನವರ ಕೈಗೆ ಕೊಟ್ಟ.

ಅವರು ಕಲೆ ತಿಕ್ಕಿ ನೋಡಿದರು. "ಒಗದ್ರ ಹೋಗತೈತೇನ್ರಿ ಇದು?"

"ಇಲ್ರಿ ಸರ್," ಅಂದ ಗೋಣೆಪ್ಪ. "ಅದು ಕಾಯಂ."