ಹಿಡಿದರೆ ಬಿಡದ ಕುರ್ಚಿ

"ಅಕ್ಕ, ಈ ಕುರ್ಚಿ ಮ್ಯಾಲೆ ಕೂತೋರು ಆಟ ಮುಗಿಯೋಗಂಟ ಏಳಕಿಲ್ಲ!" ನನ್ನ ತಮ್ಮ ಬೋರಲಿಂಗ ಎದೆಯುಬ್ಬಿಸಿ ಗುಂಡಿ ಒತ್ತಿದ. ಮುನ್ನೂರು ಕುರ್ಚಿಗಳು ಚಕ್ರದ ಮೇಲೆ ತಾವೇ ಉರುಳಿಕೊಂಡು ಬಂದು ಕಬಡ್ಡಿ ಅಂಕಣದ ಸುತ್ತ ಸಾಲಾಗಿ ನಿಂತವು. ಯಾರಾದರೂ ರೇಗಿ ಎದ್ದರೆ ಎರಡು ರಬ್ಬರ್ ಕೈ ಹೊರಬಂದು ಸೊಂಟ ಹಿಡಿಯುತ್ತವಂತೆ.

"ಹಿಡಿಯಾದ್ನ ಯಾರ್ಲಾ ಕಲಿಸ್ದೋರು?"

"ನಾನೇ! ಸಾವಿರ ಕಬಡ್ಡಿ ವಿಡಿಯೊ ತೋರ್ಸಿವ್ನಿ."

ಹೋದ ವರ್ಷ ಅಂಪೈರ್ ಮೇಲಿನ ಸಿಟ್ಟಿಗೆ ಜನ ಅಂಕಣಕ್ಕೆ ನುಗ್ಗಿ, ಇಬ್ಬರ ಕಾಲು ಮುರಿದಿತ್ತು. ಅದಕ್ಕೇ ಈ ಸಲ ಇನ್‌ಸ್ಪೆಕ್ಟರ್ ಮೈಕಿನಲ್ಲಿ ಗುಡುಗಿದ್ದರು: "ಆಟಗಾರರನ್ನ ಬಿಟ್ಟು ಇನ್ನೊಬ್ಬ ಒಳಗೆ ಕಾಲಿಟ್ರೂ ಫೈನಲ್ ರದ್ದು!" ಆ ಫೈನಲ್ ನನ್ನ ಮಗಳು ಇಂಪನಳದು. ಕಾಲೇಜು ಮುಗಿಯಿತು, ಅವಳಿಗೆ ಇದೇ ಕೊನೇ ಪಂದ್ಯ. ಅದನ್ನು ತೆಪ್ಪಗೆ ಕೂತು ನೋಡುವ ತಾಯಿ ನಾನಲ್ಲ!

"ನೀನ್ ಮಾತ್ರ ಏಳ್ಬ್ಯಾಡ ಕಣಕ್ಕ."

"ಎದ್ದೇ ಏಳ್ತೀನಿ. ಅದೇನ್ ಮಾಡ್ಕತೀಯೋ ಮಾಡ್ಕ!"

ಇನ್ನು ಐದೇ ನಿಮಿಷ, ಅಂಕ ಸಮ. ಇಂಪನ ರೈಡಿಗೆ ಹೊರಟಳು. ನಾನು ಎದ್ದೆ. ಕುರ್ಚಿ ಗಬಕ್ಕನೆ ಸೊಂಟ ಹಿಡಿಯಿತು! ನಾನು ಕಿರುಚಿದ್ದಕ್ಕೆ ಪಕ್ಕದವರು ಎದ್ದರು, ಅವರನ್ನೂ ಹಿಡಿಯಿತು. "ಏನ್ರೀ ಗಲಾಟೆ?" ಎಂದು ಮುಂದಿನ ಸಾಲಿನಲ್ಲಿದ್ದ ಇನ್‌ಸ್ಪೆಕ್ಟರ್ ಎದ್ದರು. ಅವರನ್ನೂ! ಏನಾಯಿತೆಂದು ನೋಡಲು ಎದ್ದ ಇಡೀ ಮೈದಾನವೇ ಸಿಕ್ಕಿಬಿದ್ದು ಆಟ ನಿಂತಿತು. ಬೋರಲಿಂಗ ಗುಂಡಿ ಒತ್ತಿದ, ವೈರು ಕಿತ್ತ. ಜಪ್ಪಯ್ಯ ಅಂದರೂ ಕುರ್ಚಿಗಳು ಬಿಡಲಿಲ್ಲ.

"ಮಾವ, ಅವು ಕಬಡ್ಡಿ ನೋಡಿ ಕಲ್ತಿರೋವು," ಇಂಪನ ನಕ್ಕಳು. "ನಡುಗೆರೆ ಮುಟ್ಟಿದ್ರೇನೇ ಬಿಡಾದು!"

ಆ ಗೆರೆ ಇರುವುದು ಅಂಕಣದ ನಟ್ಟನಡುವೆ!

"ಯಾರೂ ಒಳಗೆ ಹೋಗಂಗಿಲ್ಲ!" ಎಂದರು ಇನ್‌ಸ್ಪೆಕ್ಟರ್.

"ಹೋಗಕಿಲ್ಲ ಬುಡಿ ಸಾರ್! ನನ್ ಮಗ್ಳ ಆಟ ಕೆಡ್ಸೋ ಬದ್ಲು ಈ ಕುರ್ಚಿ ಹೊತ್ಕೊಂಡೇ ಬಾಳ್ವೆ ಮಾಡ್ತೀನಿ!"

"ನಾವೂ ಅಷ್ಟೇಯ!" ಎಂದಿತು ಇಡೀ ಮೈದಾನ.

ಯಾರೂ ಕದಲಲಿಲ್ಲ. ಆದರೆ ಇನ್‌ಸ್ಪೆಕ್ಟರ್ ಆಗಲೇ ಮೂರು ಎಳನೀರು ಕುಡಿದಿದ್ದರು. ಕಾಲು ಗಂಟೆಯಲ್ಲಿ ಅವರ ಮುಖ ಕೆಂಪಾಯಿತು. ಕೊನೆಗೆ ಕುರ್ಚಿ ಹೊತ್ತುಕೊಂಡೇ ಅಂಕಣಕ್ಕೆ ಓಡಿ ಗೆರೆ ಮುಟ್ಟಿದರು. ಕುರ್ಚಿ ತಟ್ಟನೆ ಬಿಟ್ಟಿತು!

"ಮೊದ್ಲು ಒಳಕ್ಕೆ ಕಾಲಿಟ್ಟೋರು ಯಾರು ಅಂತ ಬರ್ಕೊಳಿ ಸಾರ್!" ಎಂದು ಕೂಗಿದೆ.

"ಆಟ ನಡೀಲಿ!" ಎಂದು ಅವರು ಶೌಚಾಲಯದ ಕಡೆ ಓಡಿದರು.

ನಾವೂ ಒಬ್ಬರ ಹಿಂದೊಬ್ಬರು ಹೋಗಿ ಗೆರೆ ಮುಟ್ಟಿ ಬಂದೆವು. ಕಬಡ್ಡಿಯಲ್ಲಿ ಸಿಕ್ಕಿಬಿದ್ದವನು ಗೆರೆ ಮುಟ್ಟಿಬಿಟ್ಟರೆ ಹಿಡಿದುಕೊಂಡವರು ಔಟ್ ತಾನೇ! ಕುರ್ಚಿಗಳೆಲ್ಲ ತಲೆತಗ್ಗಿಸಿ ಅಂಕಣದಾಚೆ ಉರುಳಿ ಹೋಗಿ ಸಾಲಾಗಿ ನಿಂತವು.

ಇಂಪನ ಒಂದು ಅಂಕದಿಂದ ಗೆದ್ದಳು. ನಾವೆಲ್ಲ ನಿಂತೇ ಕೂಗಿದೆವು. ಗಲಾಟೆ ಮಾಡದೆ ಶಿಸ್ತಾಗಿ ಆಟ ನೋಡಿದ್ದು ಆ ಮುನ್ನೂರು ಕುರ್ಚಿಗಳು ಮಾತ್ರ.