ಒಂದು ತಲೆ, ಎರಡು ಕೆಲಸ

ಮೂಡಲಗಿಯ ಬಾಬಾಸಾಹೇಬರಿಗೆ ಹೊತ್ತು ಮುಳುಗುವುದರ ಮೇಲೇ ಸಿಟ್ಟು. ಜೈನರ ಮನೆ, ಸೂರ್ಯ ಇಳಿದ ಮೇಲೆ ಒಲೆಯೂ ಇಲ್ಲ, ಊಟವೂ ಇಲ್ಲ. ಇವರೋ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡುವವರು. ಪರದೆಯ ಮೇಲೆ ಒಂದು ಹೂವಿನ ಬಳ್ಳಿ ಮೂಡುವಷ್ಟರಲ್ಲಿ ಹೊರಗೆ ಕತ್ತಲು. ಹೆಂಡತಿ ತ್ರಿಶಲಾ ಕರೆದು ಕರೆದು ಬೇಸತ್ತು ಒಬ್ಬಳೇ ಉಂಡೇಳುತ್ತಿದ್ದಳು. ಇವರು ಹಸಿದೇ ಮಲಗುತ್ತಿದ್ದರು. ಊರವರ ಪತ್ರಿಕೆಗೆಲ್ಲ ‘ಸಕುಟುಂಬ ಸಪರಿವಾರ’ ಎಂದು ಬರೆಯುವ ಮನುಷ್ಯನಿಗೆ ಹೆಂಡತಿಯ ಜೊತೆ ಕೂತು ಒಂದು ರೊಟ್ಟಿ ತಿನ್ನುವ ಯೋಗವಿರಲಿಲ್ಲ.

ಗೋಕಾಕದ ಕಂಪ್ಯೂಟರ್ ಅಂಗಡಿಯ ವೃಷಭ ಒಂದು ದಿವ್ಯೋಪಾಯ ಹೇಳಿದ. ಕಂಪ್ಯೂಟರಿನ ತಲೆಯೆಂದರೆ ಪ್ರೊಸೆಸರ್, ನಿಮ್ಮದರಲ್ಲಿ ಹೈಪರ್‌ಥ್ರೆಡಿಂಗ್ ಅಂತ ಒಂದಿದೆ, ಚಾಲೂ ಮಾಡಿದರೆ ಇರುವ ಒಂದೇ ತಲೆ ಎರಡರಂತೆ ದುಡಿಯುತ್ತದೆ ಎಂದ. ಬಾಬಾಸಾಹೇಬರು ಚಾಲೂ ಮಾಡಿದರು. ಪರದೆ ಎರಡು ಪ್ರೊಸೆಸರ್ ತೋರಿಸಿತು. ಹೂವಿನ ಬಳ್ಳಿ ಮಾತ್ರ ಮೊದಲಿನಷ್ಟೇ ನಿಧಾನ. (ನಿಮ್ಮ ಪ್ರೋಗ್ರಾಮಿಗೆ ಒಂದು ಸಲಕ್ಕೆ ಒಂದೇ ಕೆಲಸ ಗೊತ್ತು ಎಂದು ವೃಷಭ ಆಮೇಲೆ ಹೇಳಿದ. ಮೊದಲೇ ಹೇಳಲು ಅವನಿಗೇನು ಧಾಡಿ?)

ಯಂತ್ರಕ್ಕೆ ಆಗದಿದ್ದರೇನು, ತಾನೇ ಮಾಡಿ ತೋರಿಸುತ್ತೇನೆಂದು ಬಾಬಾಸಾಹೇಬರು ನಿಶ್ಚಯಿಸಿದರು.

“ನೀ ಅಡಗಿಮನಿಯಿಂದನ ಮಾತಾಡು. ನಾ ಇಲ್ಲೇ ಕೆಲಸಾ ಮಾಡ್ಕೋತ ಕೇಳತೇನಿ. ಒಂದ ತಲಿ, ಎರಡು ಕೆಲಸ,” ಎಂದರು.

ತ್ರಿಶಲಾ ಮಾತಾಡಿದಳು, ಇವರು ಹೂಂ ಅಂದರು. ಅವಳು ಏನೋ ಕೇಳಿದಳು, ಅದಕ್ಕೂ ಹೂಂ ಅಂದರು. ಸಂಸಾರ ಇಷ್ಟು ಸಲೀಸೆಂದು ಅವರಿಗೆ ಗೊತ್ತೇ ಇರಲಿಲ್ಲ.

ಒಂದು ದಿನ ಕೆಲಸ ಬೇಗ ಮುಗಿಯಿತು. ಬಿಸಿಲು ಇನ್ನೂ ಅಂಗಳದಲ್ಲಿತ್ತು. ಹಿಗ್ಗಿನಿಂದ ಕೈಕಾಲು ತೊಳೆದು, ಎರಡು ತಾಟು ಹಾಕಿ, ಹೆಂಡತಿಯನ್ನು ಕೂಗಿದರು. ಬಾಜೂ ಮನೆಯ ಜಿನ್ನವ್ವ ಗೋಡೆಯಾಚೆಯಿಂದ ಓಗೊಟ್ಟಳು.

“ಆಕಿ ಬಸರಿ ತಂಗೀ ಕುಬಸಕ್ಕ ದಡ್ಡಿಗೆ ಹೋದಳಲ್ರಿ, ತವರೂರಿಗೆ. ಹೋಗಲ್ಯಾ ಅಂತ ನಿಮ್ಮನ್ನ ಕೇಳಿದಳಂತ. ನೀವು ಹೂಂ ಅಂದ್ರಂತ.”

ಮುಚ್ಚಿಟ್ಟಿದ್ದ ರೊಟ್ಟಿ ಬಡಿಸಿಕೊಂಡರು. ಎದುರಿನ ಖಾಲಿ ತಾಟು ನೋಡಿ ಮುರಿದ ರೊಟ್ಟಿಯನ್ನು ಹಾಗೇ ಬಿಟ್ಟರು. ಎದ್ದು ದಡ್ಡಿಗೆ ಫೋನ್ ಹಚ್ಚಿದರು.

“ಆ ಹೈಪರ್‌ಥ್ರೆಡಿಂಗ್ ಬಂದ್ ಮಾಡೇನಿ. ಇನ್ನ ನೀ ಮಾತಾಡೂವಾಗ ಕಂಪ್ಯೂಟರ್ ಮುಟ್ಟಂಗಿಲ್ಲ. ನೀ ಇಲ್ಲದ ಮನಿ ಭಣಭಣ ಅನಸ್ತೈತಿ. ಲಗೂನ ಬರ್ತೀಯಲ್ಲ?”

“ಹೂಂ,” ಎಂದಳು ತ್ರಿಶಲಾ.

ಬಾಬಾಸಾಹೇಬರ ಜೀವ ಹಗುರಾಯಿತು. ಲಗ್ನವಾದಾಗಿನಿಂದ ಹೇಳಲಾಗದೆ ಉಳಿದಿದ್ದನ್ನೆಲ್ಲ ಹೇಳಿಕೊಂಡರು. ಒಬ್ಬರೇ ಇರುವುದು ತಮ್ಮಿಂದ ಆಗದು ಎಂದೂ ನಾಚಿಕೆ ಬಿಟ್ಟು ಹೇಳಿದರು. ಎಲ್ಲಕ್ಕೂ ಅವಳು ಹೂಂ ಅಂದಳು. ಕೊನೆಗೆ ಆ ಕಡೆ ಹೆಂಗಸರ ನಗು ಕೇಳಿಸಿತು, ಅದರ ನಡುವೆ ಅವಳ ದನಿ.

“ಅವ್ವಾ, ಇನ್ನೊಂದ ಹೋಳಗಿ ಹಾಕು... ಏನಂದ್ರಿ? ಗದ್ದಲದಾಗ ಒಂದೂ ಕೇಳಸಲಿಲ್ಲ. ಉಣ್ಣಾಕತ್ತೇನ್ರಿ, ಹೊತ್ತು ಮುಳಗಾಕ ಬಂತು.”

ಬಾಬಾಸಾಹೇಬರು ಫೋನ್ ಇಟ್ಟು ಹೊರಗೆ ನೋಡುವಷ್ಟರಲ್ಲಿ ಹೊತ್ತು ಮುಳುಗಿತ್ತು. ಎರಡೂ ತಾಟು ಎತ್ತಿ ಒಳಗಿಟ್ಟರು.