ಗಿಳಿಹಸಿರು ಅಕ್ಷರಗಳು

ಎಲ್ಲ ಶುರುವಾಗಿದ್ದು ಒಂದು ಹೊಗಳಿಕೆಯಿಂದ. ಬೋರ್ಡ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಅಕ್ಷರ ಕತ್ತರಿಸುವ ಅವನಿಗೆ ಯಾರಾದರೂ "ನೀನು ಆರ್ಟಿಸ್ಟ್ ಕಣಪ್ಪ" ಅಂದುಬಿಟ್ಟರೆ ಮುಗಿಯಿತು, ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗುತ್ತಿದ್ದ. ಬೀದಿಯವರೆಲ್ಲ ಅವನನ್ನು ಆರ್ಟಿಸ್ಟ್ ಅಂತಲೇ ಕರೆಯುತ್ತಿದ್ದರು. ಅರ್ಧ ಪ್ರೀತಿಯಿಂದ, ಅರ್ಧ ಪುಕ್ಕಟೆ ಕೆಲಸ ಮಾಡಿಸಿಕೊಳ್ಳಲು.

ಹೊಸ ದಿನಸಿ ಅಂಗಡಿ ತೆರೆಯಲು ಹೊರಟಿದ್ದ ಅಣ್ಣತಮ್ಮಂದಿರೂ ಹಾಗೆಯೇ ಅಂದರು. ಗಿರಾಕಿ ನಕ್ಷೆಯ ಮೇಲೆ ಸಹಿ ಹಾಕುವವರೆಗೆ ಗರಗಸ ಮುಟ್ಟಬಾರದೆಂಬುದು ಯಜಮಾನರ ಕಟ್ಟಪ್ಪಣೆ. ಹಿಗ್ಗಿನಲ್ಲಿ ಆರ್ಟಿಸ್ಟ್ ಮುಟ್ಟಿಯೇಬಿಟ್ಟ. 'ನ್ಯಾಷನಲ್ ಸ್ಟೋರ್ಸ್' ಎಂದು ಇಂಗ್ಲಿಷಿನಲ್ಲಿ ಹದಿನಾಲ್ಕು ಅಕ್ಷರ. ಅಣ್ಣ ಕೇಳಿದ ಗಿಳಿಹಸಿರು ಬಣ್ಣ, ತಮ್ಮ ಕೇಳಿದ ಕೆಂಪು ಅಂಚು. ಲೋಕದಲ್ಲಿ ಬೇರೆ ಯಾರೂ ಕೇಳಲಾರದ ಜೋಡಿ. ಬಣ್ಣ ಒಣಗುವಷ್ಟರಲ್ಲಿ, ಗಲ್ಲಾಪೆಟ್ಟಿಗೆಯ ಮುಂದೆ ಯಾರು ಕೂರಬೇಕೆಂದು ಅಣ್ಣತಮ್ಮಂದಿರು ಕಚ್ಚಾಡಿಕೊಂಡು ಮಾತು ಬಿಟ್ಟರು. ಅಂಗಡಿ ತೆರೆಯುವ ಮೊದಲೇ ಮುಚ್ಚಿತು. ಅಕ್ಷರಗಳು ತಿಂಗಳುಗಟ್ಟಲೆ ಬೋರ್ಡ್ ಅಂಗಡಿಯ ಮೂಲೆಯಲ್ಲಿ ಧೂಳು ತಿಂದವು.

"ಇವತ್ತು ಶಟರ್ ಎಳೆಯೋ ಹೊತ್ತಿಗೆ ಈ ಹದಿನಾಲ್ಕರಲ್ಲಿ ಒಂದೂ ನನ್ನ ಕಣ್ಣಿಗೆ ಬೀಳಬಾರದು," ಅಂದರು ಯಜಮಾನರು. "ಬಿತ್ತೋ, ನಾಳೆಯಿಂದ ನೀನು ಬೀಳಬಾರದು."

"ಬೇರೆಯವರ ಹೆಸರನ್ನ ಯಾರು ತಗೋತಾರೆ ಸಾರ್?"

"ಹೆಸರು ಮಾರು ಅಂದ್ನಾ? ಅಕ್ಷರ ಮಾರು. ಅದರೊಳಗೆ ಬೇರೆ ಪದ ಇರುತ್ತೆ, ಹುಡುಕು. ಆರ್ಟಿಸ್ಟ್ ಅಲ್ವಾ ನೀನು."

ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಜೀವ ಇರುತ್ತದಲ್ಲ, ಹಾಗೆ ಬಡಪಾಯಿಯ ನೌಕರಿ ಗಿಳಿಹಸಿರಿನೊಳಗೆ ಸಿಕ್ಕಿಕೊಂಡಿತು. ಇಂಗ್ಲಿಷ್ ಅಕ್ಷರಗಳ ಸೊಂಟ, ಹೊಟ್ಟೆ, ಬಾಲ ಎಲ್ಲ ಅವನಿಗೆ ಗೊತ್ತಿತ್ತು. ಅವು ಒಟ್ಟಿಗೆ ಕೂತಾಗ ಏನು ಮಾತಾಡಿಕೊಳ್ಳುತ್ತವೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಅಂಗಡಿಯ ಮುಂದಿನ ಬೆಂಚಿನ ಮೇಲೆ ಅಕ್ಷರಗಳನ್ನು ಹರಡಿಕೊಂಡು ಕೂತ. ಅಂಗಡಿಯ ಮೇಲಿನ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಮೆಟ್ಟಿಲಿಳಿದು ಬಂದೇಬಿಟ್ಟರು. ದಿನಾ ಪತ್ರಿಕೆಯ ಪದಬಂಧ ಬಿಡಿಸುವ ಅವರಿಗೆ, ನಿವೃತ್ತಿಯಾದ ಮೇಲೆ ಬಯ್ಯಲು ಒಬ್ಬನೂ ಸಿಕ್ಕಿರಲಿಲ್ಲ.

"ಸೆನೇಟರ್," ಅಂದರು ಮೇಷ್ಟ್ರು, ಅಕ್ಷರಗಳನ್ನು ಸರಸರ ಸರಿಸುತ್ತಾ. "ಎಂಥಾ ಪದ."

"ನಮ್ಮ ಬೀದೀಲಿ ಸೆನೇಟರ್ ಯಾರಿದಾರೆ ಸಾರ್?"

"ಹಾಗಾದ್ರೆ ಟಾಯ್ಲೆಟ್."

"ಅದಿದೆ. ಆದ್ರೆ ಬೋರ್ಡ್ ಇಲ್ದೇನೇ ಎಲ್ಲರಿಗೂ ಗೊತ್ತಾಗುತ್ತೆ."

ಅಷ್ಟರಲ್ಲಿ ಪಕ್ಕದ ಟೈಲರು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಇಣುಕಿದ. ಅವನ ಕಸುಬಿನ ಹೆಸರೂ ಆ ಅಕ್ಷರಗಳಲ್ಲಿ ಅಡಗಿತ್ತು. ಆರ್ಟಿಸ್ಟ್ ಜೋಡಿಸಿ ತೋರಿಸಿ ಹಲ್ಲು ಕಿರಿದ.

"ಬರೀ ಟೈಲರ್ರಾ?" ಅಂತ ಟೈಲರು ಮೂಗು ಮುರಿದ. "ನಾನು ಡಿಸೈನರ್ ಕಣಯ್ಯಾ. ಹೋದ ವಾರದಿಂದ."

"ಒಳ್ಳೇದೇ ಆಯ್ತು," ಅಂದರು ಮೇಷ್ಟ್ರು. "ಇವನು ತಗೊಂಡಿದ್ರೆ ಉಳಿದದ್ದರಲ್ಲಿ 'ಸೀಸನ್' ಅಂತ ಆಗ್ತಿತ್ತು, ಎನ್ನು, ಟೀ ಎರಡೂ ಅನಾಥವಾಗಿ ನಿಂತಿರ್ತಿದ್ವು. ಒಂದೂ ಉಳೀಬಾರದು ತಾನೆ? ಲೆಕ್ಕ ಸರಿಯಾಗಿ ಕೂರೋ ಎರಡು ಪದ ನನಗೆ ಕಾಣಿಸ್ತಾ ಇದೆ."

"ಹೇಳಿ ಸಾರ್, ನಿಮ್ಮ ಕಾಲು ಹಿಡೀತೀನಿ."

"ಹೇಳಿಕೊಟ್ರೆ ನೀನು ಕಲಿಯೋದು ಯಾವಾಗ? ಸುಳಿವು ಕೊಡ್ತೀನಿ. ನಿನ್ನ ತಲೆ ನೋಡಿಕೋ."

ಆರ್ಟಿಸ್ಟ್ ಮಧ್ಯಾಹ್ನದವರೆಗೆ ತಲೆ ಕೆರೆದುಕೊಂಡ. ಕೆರೆದು ಕೆರೆದು ಕೂದಲು ಗುಬ್ಬಿಗೂಡಾಯಿತು. ಅದನ್ನು ಕಂಡು ಎದುರುಗಡೆಯ ಕ್ಷೌರದವನು, "ಬಾರಯ್ಯಾ, ಆ ಕಾಡು ಕಡಿದು ಕಳಿಸ್ತೀನಿ," ಅಂತ ಕೂಗಿದಾಗಲೇ ಅವನ ಬುದ್ಧಿಗೆ ಬೆಳಕು ಹರಿದದ್ದು. ಸಲೂನ್. ಒಂದೇ 'ಓ' ಹಾಕಿದರೆ ಸರಿಯಾಗಿ ಐದು ಅಕ್ಷರ.

"ಕ್ಷೌರದಂಗಡಿ ಅಂದ್ರೆ ಬರೀ ಕೂದಲು ಹೋಗುತ್ತೆ," ಅಂತ ಅವನನ್ನು ಪುಸಲಾಯಿಸಿದ ಆರ್ಟಿಸ್ಟ್. "ಸಲೂನ್ ಅಂದ್ರೆ ಕೂದಲಿಗೂ ಮರ್ಯಾದೆ ಕಣಣ್ಣಾ."

ಕ್ಷೌರದವನು ಕನ್ನಡಿಯಲ್ಲಿ ತನ್ನನ್ನೇ ಮೂರು ಕೋನಗಳಿಂದ ನೋಡಿಕೊಂಡು ಒಪ್ಪಿದ.

ಉಳಿದ ಒಂಬತ್ತು ಅಕ್ಷರ ಸಂಜೆಯವರೆಗೂ ಮುಷ್ಕರ ಹೂಡಿದವು. ಮೇಷ್ಟ್ರು ನಿದ್ದೆ ಮುಗಿಸಿ ಬಂದು, "ಬೆನ್ನ ಹಿಂದೇನೇ ಇದೆ," ಅಂದರು. ಆರ್ಟಿಸ್ಟ್ ಬೆನ್ನು ತಡವಿಕೊಂಡ. ಬೆಂಚಿನ ತುದಿಯ ಹಿಂದಿದ್ದದ್ದು ಬೋರ್ಡ್ ಅಂಗಡಿಗೆ ಅಂಟಿಕೊಂಡಿದ್ದ ಪೆನ್ನು-ಪುಸ್ತಕದ ಅಂಗಡಿ, ಬಾಗಿಲಲ್ಲಿ ಗಲ್ಲಕ್ಕೆ ಕೈಕೊಟ್ಟು ತಮಾಷೆ ನೋಡುತ್ತಿದ್ದ ಅಕ್ಕ. ಸ್ಟೇಷನರ್. ಒಂಬತ್ತಕ್ಕೆ ಒಂಬತ್ತೂ ಕೂತವು.

"ನನ್ನ ಅಂಗಡಿ ಎಲ್ಲರಿಗೂ ಗೊತ್ತಲ್ಲಪ್ಪಾ, ಇಂಗ್ಲಿಷ್ ಯಾಕೆ?" ಅಂದಳು ಅಕ್ಕ.

"ಇಂಗ್ಲಿಷಲ್ಲಿ ಬರೆದಿದ್ರೆ ಯಾರೂ ಚೌಕಾಸಿ ಮಾಡಲ್ಲಕ್ಕಾ."

ಅಕ್ಕ ಆಗಲೇ ಏಣಿ ಹಿಡಿದುಕೊಂಡಿದ್ದಳು.

ದೀಪ ಹೊತ್ತುವ ಹೊತ್ತಿಗೆ ಬೀದಿಯ ಎರಡೂ ಮಗ್ಗುಲಲ್ಲಿ ಗಿಳಿಗಳು ಬಂದು ಕೂತಂತಾಗಿತ್ತು. ಯಜಮಾನರ ಕೈಗೆ ದುಡ್ಡು ಒಪ್ಪಿಸಿ, ಆರ್ಟಿಸ್ಟ್ ಅದೇ ಬೆಂಚಿನ ಮೇಲೆ ಕಾಲು ಚಾಚಿ ಕೂತ. ರಾಜಕುಮಾರಿಯನ್ನು ಬಿಡಿಸಿಕೊಂಡು ಬಂದವನ ಗತ್ತು ಅವನ ಮುಖದಲ್ಲಿತ್ತು.

ಆ ಸುಖ ಒಂದು ಲೋಟ ಚಹಾ ಆರುವಷ್ಟೂ ಉಳಿಯಲಿಲ್ಲ. ದಿನಸಿ ಅಣ್ಣ ಗಡ್ಡ ಬೋಳಿಸಿಕೊಳ್ಳಲು ಸಲೂನಿನ ಮುಂದೆ ಬಂದು ನಿಂತ. ಅದೇ ಗಳಿಗೆಯಲ್ಲಿ ತಮ್ಮ, ಮಗಳಿಗೆ ಪೆನ್ನು ಕೊಳ್ಳಲು ಎದುರುಗಡೆ ಬಂದ. ಇಬ್ಬರೂ ತಲೆಯೆತ್ತಿದರು. ಇಬ್ಬರೂ ತಿರುಗಿದರು. ತಿಂಗಳಿಂದ ಮುಖ ನೋಡದವರು ನಡುಬೀದಿಯಲ್ಲಿ ಮುಖಾಮುಖಿಯಾದರು.

"ಅಣ್ಣಾ, ಅದು ನಿನ್ನ ಹಸಿರು."

"ಅಂಚು ನಿನ್ನದು ಕಣೋ. ನಾವು ಕಿತ್ತಾಡಿದ್ದೇ ತಡ, ಊರವರು ನಮ್ಮ ಹೆಸರನ್ನ ಕಡಿದು ಹಂಚಿಕೊಂಡ್ರಲ್ಲೋ."

ಬುದ್ಧಿ ಹೇಳಿದ ನೆಂಟರಿಂದ ಆಗದ್ದು, ಅತ್ತ ತಾಯಿಯಿಂದ ಆಗದ್ದು, ಪ್ಲಾಸ್ಟಿಕ್ ಅಕ್ಷರಗಳಿಂದ ಆಯಿತು. ಅಣ್ಣತಮ್ಮಂದಿರು ಹೆಗಲ ಮೇಲೆ ಕೈಹಾಕಿಕೊಂಡು, ಕಣ್ಣೊರೆಸಿಕೊಂಡು, ಬೋರ್ಡ್ ಅಂಗಡಿಗೆ ನುಗ್ಗಿದರು. ಅಂಗಡಿ ನಾಳೆಯೇ ತೆರೆಯುತ್ತೇವೆ, ಬೋರ್ಡ್ ಬೇಕು, ಅಂದರು.

"ಹೊಸದು ಕತ್ತರಿಸಿ ಕೊಡ್ತೀನಿ," ಅಂದ ಆರ್ಟಿಸ್ಟ್.

"ಹೊಸದು ಯಾರಿಗೆ ಬೇಕು? ನಮ್ಮದೇ ಬೇಕು," ಅಂದರು ಇಬ್ಬರೂ ಒಟ್ಟಿಗೆ. ಒಗ್ಗಟ್ಟು ಅಷ್ಟು ಹೊಸದಾಗಿತ್ತು.

ಯಜಮಾನರು ಗಂಟಲು ಸರಿಮಾಡಿಕೊಂಡರು. "ನಾಳೆ ಶಟರ್ ಎತ್ತೋ ಹೊತ್ತಿಗೆ ಆ ಹದಿನಾಲ್ಕೂ ನನ್ನ ಕಣ್ಣಿಗೆ ಬೀಳಬೇಕು. ಬೀಳಲಿಲ್ಲವೋ..."

"ನಾನು ಬೀಳಬಾರದು," ಅಂತ ಆರ್ಟಿಸ್ಟೇ ಮುಗಿಸಿದ. "ಸಲೂನಿನವನು, ಅಕ್ಕ ಕೊಟ್ಟ ದುಡ್ಡು ವಾಪಸ್ ಕೊಡಬೇಕಲ್ಲ ಸಾರ್?"

"ಅದು ಕಣ್ಣಿಗೆ ಬಿದ್ದಾಯ್ತಲ್ಲ. ಮತ್ತೆ ಆಚೆ ಹೋಗಲ್ಲ."

ಅಣ್ಣ ಹತ್ತಿರ ಬಂದು ಅವನ ಬೆನ್ನು ತಟ್ಟಿದ. "ಎಷ್ಟಾದ್ರೂ ನೀನು ಆರ್ಟಿಸ್ಟ್ ಕಣಪ್ಪ. ನಿನ್ನ ಕೈಲಿ ಆಗದ್ದು ಏನಿದೆ?"

ಇಷ್ಟೆಲ್ಲ ಆದ ಮೇಲೂ, ಹೇಳಲು ನಾಚಿಕೆಯಾಗುತ್ತದೆ, ಆರ್ಟಿಸ್ಟ್ ಒಂಚೂರು ಕರಗಿದ.

ಏಣಿ ಹೊತ್ತುಕೊಂಡು ಬೀದಿಗಿಳಿದ. ಸಲೂನಿನ ಬಾಗಿಲಲ್ಲಿ ಕ್ಷೌರದವನು ಹೊಸ ಬೋರ್ಡಿನ ಕೆಳಗೆ, ಏಣಿಯನ್ನೇ ದಿಟ್ಟಿಸುತ್ತಾ, ಕತ್ತಿ ಮಸೆಯುತ್ತಾ ನಿಂತಿದ್ದ. ಎದುರು ಬಾಗಿಲಲ್ಲಿ ಅಕ್ಕ ಸೆರಗು ಬಿಗಿಯುತ್ತಿದ್ದಳು.

ಮೇಲಿನ ಮನೆಯ ಕಿಟಕಿ ತೆರೆಯಿತು.

"ಏನಯ್ಯಾ," ಅಂದರು ಮೇಷ್ಟ್ರು, ಹುರುಪಿನಿಂದ. "ಈಗ ಎರಡು ಪದ ಸೇರಿಸಿ ಒಂದು ಹೆಸರು ಮಾಡಬೇಕೋ? ಇದು ಸುಲಭ. ಸುಳಿವು ಕೊಡ್ಲಾ?"